ಯಾರು ಯಾರ ಹೆಸರೆತ್ತಿದರು

ಶುಕ್ರಿ ಅಬ್ದುತ್ತವ್ವಾಬ್ ತನ್ನ ಐವತ್ತಮೂರು ವರ್ಷಗಳ ಬಾಳಿನಲ್ಲಿ "ನನಗೆ ಗೊತ್ತಿಲ್ಲ" ಎಂದು ಹೇಳಿದ್ದು ಒಂದೇ ಸಲ, ಹಲ್ಲಿನ ಡಾಕ್ಟರ ಎದುರು. ಯಾವ ಹಲ್ಲು ನೋಯುತ್ತಿದೆ ಎಂದು ಅವರು ಕೇಳಿದರು, ಇವನು ಗೊತ್ತಿಲ್ಲ ಎಂದ, ಅವರು ಎರಡು ಕಿತ್ತರು. ನೋಯುತ್ತಿದ್ದ ಹಲ್ಲು ಹಾಗೇ ಉಳಿಯಿತು. ಅಂದಿನಿಂದ ಯಾರು ಏನೇ ಕೇಳಲಿ, ಗೊತ್ತು ಎನ್ನುವುದೇ ಕ್ಷೇಮ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಈಜಿಪ್ತಿನ ತಂತಾ ಊರಿಗೂ ಸಮುದ್ರಕ್ಕೂ ನಡುವೆ, ಕಾಲುವೆಯ ದಂಡೆಯ ಮೇಲಿರುವ ಆ ವಿಶ್ವವಿದ್ಯಾಲಯದಲ್ಲಿ ಅವನು ಇಪ್ಪತ್ತಾರು ವರ್ಷಗಳಿಂದ ನಿಯತಕಾಲಿಕೆಗಳ ಕೋಣೆ ನೋಡಿಕೊಳ್ಳುತ್ತಿದ್ದ. ಓದಿದ್ದು ವಾಣಿಜ್ಯ ಡಿಪ್ಲೊಮಾ. ಬಂದ ಸಂಚಿಕೆಗೆ ಮೊಹರು ಒತ್ತುವುದು, ಹರಿದ ಬೆನ್ನಿಗೆ ಅಂಟು ಹಚ್ಚುವುದು, ಕುಂಬಳಬೀಜ ಸುಲಿದು ಮೇಜಿನ ಕೆಳಗೆ ಸಿಪ್ಪೆ ಉಗುಳುವ ವಿದ್ಯಾರ್ಥಿಗಳನ್ನು ಗದರುವುದು, ಇವು ಅವನ ವಿದ್ವತ್ತು. ಕೋಣೆಗೆ ಮಂಜೂರಾದ ಕಂಪ್ಯೂಟರು ಪ್ಲಾಸ್ಟಿಕ್ ಹೊದಿಕೆ ಹೊದ್ದು ಮೂಲೆಯಲ್ಲಿ ಕೂತಿತ್ತು. ಅದನ್ನು ನಡೆಸುವುದೂ ತನಗೆ ಗೊತ್ತು ಎಂದು ಅವನು ಎಲ್ಲರಿಗೂ ಹೇಳಿದ್ದರಿಂದ ಬೇರೆ ಯಾರೂ ಅದನ್ನು ಮುಟ್ಟಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಗ್ರಂಥಾಲಯ ವಿಜ್ಞಾನ ವಿಭಾಗದ ಹೊಸ ಮುಖ್ಯಸ್ಥೆ ಡಾಕ್ಟರ್ ಇನಾಯತ್ ಕೋಣೆಗೆ ಬಂದರು.

"ಉಸ್ತಾದ್ ಶುಕ್ರಿ, ಉಲ್ಲೇಖಗಳ ವಿಶ್ಲೇಷಣೆ ಅಂದ್ರೆ ಗೊತ್ತಲ್ವಾ?"

"ಅದನ್ನೇ ಮಾಡ್ಕೊಂಡು ಬಂದೋನಲ್ವಾ ಮೇಡಂ ನಾನು," ಎಂದ ಶುಕ್ರಿ.

"ಸದ್ಯ, ನನ್ನ ಕೆಲಸ ಹಗುರಾಯ್ತು. ನಮ್ಮ ವಿಭಾಗಕ್ಕೆ ಇಪ್ಪತ್ತೆರಡು ನಿಯತಕಾಲಿಕೆ ಬರ್ತಿದೆ. ಈ ವರ್ಷ ಒಂಬತ್ತಕ್ಕೆ ಮಾತ್ರ ಮಂಜೂರಾಗಿದೆ. ಯಾವ ಒಂಬತ್ತು ಅಂತ ನಾನೋ, ಡಾಕ್ಟರ್ ರಿಫ್ಕಿಯವರೋ ನಮ್ಮಿಷ್ಟದ ಹಾಗೆ ಹೇಳೋದು ಬೇಡ. ಹತ್ತು ವರ್ಷದಲ್ಲಿ ನಮ್ಮ ವಿದ್ಯಾರ್ಥಿಗಳು, ಮೇಷ್ಟರುಗಳು ಬರೆದ ಪ್ರಬಂಧಗಳನ್ನೆಲ್ಲ ತೆಗೀರಿ. ಇದನ್ನ ಎಲ್ಲಿಂದ ತಗೊಂಡೆ ಅಂತ ಎಲ್ಲರೂ ಕೊನೇ ಪುಟಗಳಲ್ಲಿ ಬರ್ದಿರ್ತಾರಲ್ಲ, ಅಲ್ಲಿ ನೋಡಿ. ಯಾರು ಯಾವುದನ್ನ ಎಷ್ಟು ಸಲ ಹೆಸರಿಸಿದ್ದಾರೆ ಅಂತ ಎಣಿಸಿ. ಹೆಚ್ಚು ಹೆಸರು ಬಂದದ್ದು ಉಳೀತದೆ, ಬರದೇ ಇದ್ದದ್ದು ಹೋಗ್ತದೆ. ತಿಂಗಳ ಕೊನೆಗೆ ಸಭೆ ಇದೆ."

ಈ ಮಾತಿನ ಮುಖ್ಯವಾದ ಜಾಗದಲ್ಲೇ ಕಿಟಕಿಯ ಹೊರಗೆ ಒಂದು ಮೈಕ್ರೋಬಸ್ಸು ಹಾರ್ನು ಹೊಡೆಯಿತು. ಅದರ ಹಿಂದಿನದು ಉತ್ತರ ಕೊಟ್ಟಿತು. ಆ ಗದ್ದಲದಲ್ಲಿ, ಎಣಿಸಬೇಕಾದದ್ದು ಏನೆಂಬ ಜಾಗದಲ್ಲಿ ಶುಕ್ರಿಯ ಕಿವಿಗೆ ಬಿದ್ದದ್ದು "ಯಾರು ಯಾರನ್ನ ಎಷ್ಟು ಸಲ" ಎಂಬುದಷ್ಟೇ. ಇನ್ನೊಮ್ಮೆ ಹೇಳಿ ಎಂದು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅದನ್ನೇ ಮಾಡಿಕೊಂಡು ಬಂದವನು ಕೇಳುವುದು ಹೇಗೆ?

ಪ್ರಬಂಧಗಳನ್ನು ಮನೆಗೆ ಒಯ್ಯಲು ಮೇಡಂ ಚೀಟಿ ಬರೆದುಕೊಟ್ಟರು. ಶುಕ್ರಿ ತರಕಾರಿ ಚೀಲದಲ್ಲಿ ದಿನಕ್ಕೆ ನಾಲ್ಕರಂತೆ ತಂದ. ಅವನ ಕಣ್ಣಿಗೆ ಸಣ್ಣಕ್ಷರ ಹತ್ತುತ್ತಿರಲಿಲ್ಲ. ಆದ್ದರಿಂದ ಸಂಜೆ ಹೊತ್ತು ಮೂರನೇ ಮಹಡಿಯ ಬಾಲ್ಕನಿಯಲ್ಲಿ ಹೆಂಡತಿ ಇಂತಿಸಾರ್ ಮುಲೂಖಿಯ ಸೊಪ್ಪು ಬಿಡಿಸುತ್ತ ಓದುವುದು, ಇವನು ಉದ್ದನೆಯ ರಿಜಿಸ್ಟರಿನಲ್ಲಿ ಗೆರೆ ಎಳೆದು ಬರೆಯುವುದು ಎಂದಾಯಿತು. ಇಂತಿಸಾರಳ ದನಿ ಚಿಕ್ಕದಲ್ಲ. ಬೀದಿಯ ಕೊನೆಯಲ್ಲಿ ಈರುಳ್ಳಿ ಗಾಡಿಯವನನ್ನು ನಿಲ್ಲಿಸಿ ಚೌಕಾಸಿ ಮಾಡಲು ಅವಳು ಎಂದೂ ಕೆಳಗಿಳಿದವಳಲ್ಲ.

"ಡಾಕ್ಟರ್ ರಿಫ್ಕಿ," ಎಂದು ಓದಿದಳು.

"ಯಾರು ಹೆಸರು ಹೇಳಿದ್ದು?"

"ಹುದಾ ಸಲಾಮ ಅಂತೆ."

"ಎಷ್ಟು ಸಲ?"

"ಮೂರು. ಮುಂದೆ ಅವರ ತಮ್ಮನ ಹೆಸರೂ ಹೇಳಿದ್ದಾಳೆ ನೋಡ್ರೀ."

"ಇಬ್ಬರನ್ನೂ ಬರ್ಕೊಂಡೆ. ನಮ್ಮ ವಿಭಾಗದ ಲಬೀಬ್ ಮಾಸ್ಟರ ಹೆಸರು ಯಾರೂ ಹೇಳ್ಲಿಲ್ವಾ?"

"ಇಲ್ಲಿವರೆಗೆ ಇಲ್ಲ."

"ಪಾಪ. ಹೋಗ್ತಾರೆ."

"ಎಲ್ಲಿಗೆ ಹೋಗ್ತಾರೆ?"

"ಎಲ್ಲಿಗೆ ಅಂತ ಮೇಡಂ ಹೇಳಿಲ್ಲ," ಎಂದು ಶುಕ್ರಿ ನಿಟ್ಟುಸಿರಿಟ್ಟು ಪುಟ ತಿರುವಿದ.

ಕೆಳಗಿನ ಬಾಲ್ಕನಿಯಲ್ಲಿ ಉಸ್ತಾದ್ ಬಹ್ಗತ್ ಚಹಾ ಕುಡಿಯುತ್ತಿದ್ದರು. ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ಟಿಲ್ಲದವನನ್ನು ಕೆಮ್ಮಿನಿಂದಲೇ ಗುರುತಿಸುತ್ತೇನೆ ಎನ್ನುತ್ತಿದ್ದವರು. ಮೊದಲ ಸಂಜೆ ಕೇಳುತ್ತ ಕೂತು ಅವರ ಚಹಾ ಆರಿಹೋಯಿತು. ಎರಡನೆಯ ಸಂಜೆ ಲೋಟ ಕೆಳಗಿಟ್ಟು ಕುರ್ಚಿಯನ್ನು ಮೇಲಿನ ಬಾಲ್ಕನಿಯ ನೇರಕ್ಕೆ ಎಳೆದುಕೊಂಡರು. ಮೂರನೆಯ ದಿನ ಕಿರಾಣಿ ಅಂಗಡಿಯ ಮುಂದೆ ನಿಂತು, ಇಷ್ಟು ವರ್ಷ ನಾವು ಆ ಮನುಷ್ಯನನ್ನು ಗುಮಾಸ್ತ ಅಂದುಕೊಂಡಿದ್ದೆವಲ್ಲ ಎಂದರು. ಅಷ್ಟು ಸಾಕಾಯಿತು.

ಮರುದಿನದಿಂದ ಶುಕ್ರಿಗೆ ಜಗತ್ತು ತುಸು ವಿಚಿತ್ರವಾಗಿ ಕಾಣತೊಡಗಿತು. ಮೆಟ್ಟಿಲ ತಿರುವಿನಲ್ಲಿ ಏಳು ವರ್ಷಗಳಿಂದ ಬಿದ್ದಿದ್ದ ಒಡಕು ಕಮೋಡು ಮಾಯವಾಗಿತ್ತು. ನಾಲ್ಕನೇ ಮಹಡಿಯವರು ಇವನ ನೀರಿನ ಪೈಪಿಗೆ ಕದ್ದು ಜೋಡಿಸಿಕೊಂಡಿದ್ದ ನಲ್ಲಿಯನ್ನು ತಾವೇ ಕಿತ್ತು, ಜಾಗಕ್ಕೆ ಸಿಮೆಂಟು ಬಳಿದು, ಮೇಲೆ ಬಣ್ಣವನ್ನೂ ಹಚ್ಚಿದ್ದರು. ಇಂತಿಸಾರ್ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿ ಇಳಿಸಿದ ಬುಟ್ಟಿಗೆ ಕಿರಾಣಿಯವನು ಕಾಲು ಕಿಲೋ ಚೀಸು ಕೇಳಿದರೆ ಅರ್ಧ ಕಿಲೋ ತುಂಬುತ್ತಿದ್ದ. ಕಸಾಯಿಯವನು ಶುಕ್ರಿಯನ್ನು ಕಂಡೊಡನೆ ಕತ್ತಿ ಕೆಳಗಿಟ್ಟು ಎರಡೂ ಕೈ ಎದೆಗಿಟ್ಟುಕೊಳ್ಳುತ್ತಿದ್ದ.

"ನಮಗೇನೋ ಒಳ್ಳೆ ಕಾಲ ಬಂದ ಹಾಗಿದೆ ಕಣ್ರೀ," ಎಂದಳು ಇಂತಿಸಾರ್.

"ಎಲ್ಲರಿಗೂ ಓದಿನ ಮೇಲೆ ಗೌರವ ಹುಟ್ಟಿದೆ," ಎಂದ ಶುಕ್ರಿ.

ಆದರೆ ಕಟ್ಟಡದವರಿಗೆ ಒಂದು ದೊಡ್ಡ ತೊಡಕಿತ್ತು. ಪಟ್ಟಿಯಲ್ಲಿ ಹೆಸರು ಬಂದವರು ಉಳಿಯುತ್ತಾರೆ, ಬರದವರು ಹೋಗುತ್ತಾರೆ ಎಂದು ಬಹ್ಗತ್ ತಮ್ಮ ಕಿವಿಯಾರೆ ಕೇಳಿದ್ದರು. ಇದು ಲೋಕರೂಢಿಗೆ ತಲೆಕೆಳಗು. ಎಲ್ಲ ಕಾಲದಲ್ಲೂ ಪೊಲೀಸರ ಪಟ್ಟಿಯಲ್ಲಿ ಹೆಸರು ಬಂದವನೇ ಹೋಗುವವನು. ಹಾಗಾದರೆ ಈಗ ಹೆಸರು ಬರಬೇಕೋ ಬರಬಾರದೋ? ಈ ಪ್ರಶ್ನೆಗೆ ಕಟ್ಟಡ ಎರಡು ಪಂಗಡವಾಯಿತು. ಮೊದಲ ಮಹಡಿಯ ವಿಧವೆ ಬಂದು, "ಉಸ್ತಾದರೇ, ನನ್ನ ಮಗಂದೊಂದು ಹೆಸರು ಹಾಕ್ಕೊಳ್ಳಿ, ನಿಮ್ಮ ಮಕ್ಕಳಿಗೆ ಪುಣ್ಯ ಬರ್ಲಿ," ಎಂದಳು. ನಾಲ್ಕನೇ ಮಹಡಿಯವನು ಬಂದು ನಮ್ಮ ಮನೆಯವರ ಹೆಸರು ಮಾತ್ರ ಬೇಡ ಎಂದು ಶುಕ್ರಿಯ ಭುಜಕ್ಕೆ ಮುತ್ತಿಟ್ಟ. ಬಹ್ಗತ್ ಸೋಮವಾರ ಹಾಕಿ ಎಂದು ಬಂದವರು, ಮಂಗಳವಾರ ತೆಗೆಯಿರಿ ಎಂದು ಬಂದರು, ಬುಧವಾರ ಸುಮ್ಮನೆ ಬಂದು ಕೂತು ಹೋದರು.

"ನಿಮ್ಮ ಮಗ ಏನಾದ್ರೂ ಬರ್ದಿದ್ದಾನಾ?" ಎಂದು ಶುಕ್ರಿ ವಿಧವೆಯನ್ನು ಕೇಳಿದ. ಏನನ್ನೂ ಬರೆಯದವನ ಹೆಸರು ಹಾಕುವುದು ಹೇಗೆ ಎಂಬುದು ಅವನ ಪ್ರಾಮಾಣಿಕ ಸಂಶಯ.

"ಅಯ್ಯೋ, ಇಲ್ಲ ಉಸ್ತಾದರೇ. ಗೋಡೆ ಮೇಲೆ ಕೂಡ ಒಂದಕ್ಷರ ಬರ್ದೋನಲ್ಲ," ಎಂದು ಅವಳು ಆಣೆ ಇಟ್ಟಳು.

ಶುಕ್ರವಾರ ಊಟದ ಹೊತ್ತಿಗೆ ಇಂತಿಸಾರಳ ತಮ್ಮ ಸಾಬಿರ್ ಬಂದ. ಅವನದೊಂದು ಮೈಕ್ರೋಬಸ್ಸಿತ್ತು. ಅದೇ ದಾರಿಯಲ್ಲಿ ಜಾದ್ ಎಂಬ ಇನ್ನೊಬ್ಬ ಓಡಿಸುತ್ತಿದ್ದ. ಜಾದ್ ಎರಡು ನಿಮಿಷ ಮುಂಚೆ ಹೊರಟು ಇವನ ಪ್ರಯಾಣಿಕರನ್ನೆಲ್ಲ ತುಂಬಿಕೊಂಡು ಹೋಗುತ್ತಿದ್ದ.

"ಭಾವ, ಮನೆ ಮಗನಾಗಿ ಒಂದು ಕೇಳ್ತೀನಿ, ಇಲ್ಲ ಅನ್ಬೇಡಿ. ಆ ಜಾದ್‌ನ ಹೆಸರು ಪಟ್ಟಿಗೆ ಸೇರಿಸಿ. ಹೆಚ್ಚೇನೂ ಬೇಡ, ಒಂದು ಸಲ."

"ಅವನ ಹೆಸರು ಯಾರಾದ್ರೂ ಹೇಳಿರಬೇಕಲ್ಲ ಸಾಬಿರ್."

"ನಾನು ಹೇಳ್ತಿದ್ದೀನಲ್ಲ."

"ಹಾಗಲ್ಲಪ್ಪ. ಬರವಣಿಗೆಯಲ್ಲಿರಬೇಕು. ವರ್ಷ, ಪುಟ ಎಲ್ಲ ಬೇಕು."

"ಅವನ ಬಸ್ಸಿನ ಹಿಂದೆ 'ಅಸೂಯೆ ಪಟ್ಟವನು ಸುಟ್ಟುಹೋಗಲಿ' ಅಂತ ಬರ್ಸಿದ್ದಾನೆ. ಅದು ನನಗೇ ಹೇಳಿದ್ದು. ಅದನ್ನ ಹಾಕ್ಕೊಳ್ಳಕ್ಕಾಗಲ್ವಾ?"

ಶುಕ್ರಿ ಬಹಳ ಹೊತ್ತು ಯೋಚಿಸಿ, ಬಸ್ಸಿಗೆ ಪುಟಸಂಖ್ಯೆ ಇಲ್ಲದಿರುವುದರಿಂದ ಆಗುವುದಿಲ್ಲ ಎಂದ. ಭಾವನಿಗೆ ಅಧಿಕಾರದ ಮದ ಏರಿದೆ ಎಂದುಕೊಂಡು ಸಾಬಿರ್ ಊಟ ಅರ್ಧಕ್ಕೇ ಬಿಟ್ಟು ಎದ್ದ.

ವಿಶ್ವವಿದ್ಯಾಲಯದಲ್ಲಿ ಗಾಳಿ ಬೇರೆ ದಿಕ್ಕಿನಿಂದ ಬೀಸುತ್ತಿತ್ತು. ಶುಕ್ರಿ ಹೆಸರುಗಳನ್ನು ಎಣಿಸುತ್ತಿದ್ದಾನೆ ಎಂಬ ಸುದ್ದಿ ಅಲ್ಲೂ ಹಬ್ಬಿತ್ತು. ಅಲ್ಲಿನವರಿಗೆ ಹೆಸರು ಬರಬೇಕೋ ಬೇಡವೋ ಎಂಬ ಸಂಶಯ ಒಂದಿಷ್ಟೂ ಇರಲಿಲ್ಲ. ಡಾಕ್ಟರ್ ರಿಫ್ಕಿ ಸ್ವತಃ ಬಸ್ಬೂಸ ಎಂಬ ಸಿಹಿಯ ಡಬ್ಬಿ ಹಿಡಿದು ಕೋಣೆಗೆ ಬಂದರು. ವಿಭಾಗದ ಹಿರಿಯರು. ಇಪ್ಪತ್ತೆರಡರಲ್ಲಿ ಒಂದಾದ 'ಸೂಚಿಗೋಪುರ' ಎಂಬ ಹೊಳೆಯುವ ಕಾಗದದ ನಿಯತಕಾಲಿಕೆಯ ಸಂಪಾದಕರೂ ಅವರೇ.

"ಶುಕ್ರಿ, ನನ್ನದೆಷ್ಟಾಯ್ತು?"

"ಇಲ್ಲಿವರೆಗೆ ಅರವತ್ತಮೂರು, ಡಾಕ್ಟರೇ."

"ಅರವತ್ತಮೂರೇ? ಸರಿಯಾಗಿ ನೋಡಿದ್ಯಾ? ರಿಫ್ಕಿ ಅಂತ ಒಂದ್ಕಡೆ, ಆರ್ ರಿಫ್ಕಿ ಅಂತ ಒಂದ್ಕಡೆ, ಮಹಾಪಂಡಿತ ರಿಫ್ಕಿ ಅಂತ ಒಂದ್ಕಡೆ ಇರ್ತದೆ. ಎಲ್ಲ ನಾನೇ." ಡಬ್ಬಿಯನ್ನು ಮುಂದೆ ತಳ್ಳಿ, "ಲಬೀಬ್‌ದೆಷ್ಟು?" ಎಂದರು.

"ಸೊನ್ನೆ."

"ಪಾಪ," ಎಂದು ಡಾಕ್ಟರ್ ರಿಫ್ಕಿ ಅತ್ಯಂತ ಸಂತೋಷದಿಂದ ಹೇಳಿ ಹೋದರು.

ರಿಜಿಸ್ಟರು ಹದಿಮೂರು ಪುಟ ತುಂಬಿ ಹದಿನಾಲ್ಕನೆಯದು ಶುರುವಾಗಿದ್ದ ದಿನ ಮಧ್ಯಾಹ್ನ, ಮನೆಯ ಬಾಗಿಲಿಗೆ ಒಬ್ಬ ಪೊಲೀಸಿನವನು ಬಂದು ನಿಂತ. ಹಾಝಿಮ್ ಬೇ ಅವರು ಚಹಾಕ್ಕೆ ಕರೆಯುತ್ತಿದ್ದಾರೆ, ಬರುವಾಗ ಆ ಪುಸ್ತಕವನ್ನೂ ತರಬೇಕಂತೆ ಎಂದ. ಹಾಝಿಮ್ ಬೇ ಠಾಣೆಯ ಅಧಿಕಾರಿ. ಆ ಊರಿನಲ್ಲಿ ಅವರ ಚಹಾ ಕುಡಿದು ರುಚಿ ಹೇಳಿದವರು ಕಡಿಮೆ. ಶುಕ್ರಿ ಮೆಟ್ಟಿಲಿಳಿಯುವಾಗ ಎಲ್ಲ ಮಹಡಿಗಳ ಬಾಗಿಲುಗಳೂ ಒಂದಂಗುಲ ತೆರೆದಿದ್ದವು. ಇಂತಿಸಾರ್ ಮೇಲಿನಿಂದ ಅವನ ಮಾತ್ರೆಗಳನ್ನೂ ಒಂದು ಉಣ್ಣೆಯ ಅಂಗಿಯನ್ನೂ ಬುಟ್ಟಿಯಲ್ಲಿ ಇಳಿಸಿದಳು.

ಹಾಝಿಮ್ ಬೇ ರಿಜಿಸ್ಟರನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಶುಕ್ರಿ ಉಣ್ಣೆಯ ಅಂಗಿಯನ್ನು ತೊಡೆಯ ಮೇಲಿಟ್ಟು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದ.

"ಉಸ್ತಾದ್, ಈ ಊರಲ್ಲಿ ಪಟ್ಟಿ ಮಾಡೋರು ನಾವು. ನೀವು ಯಾರಿಗಾಗಿ ಮಾಡ್ತಿದ್ದೀರಿ?"

"ಡಾಕ್ಟರ್ ಇನಾಯತ್ ಮೇಡಂಗೆ, ಬೇ. ಗ್ರಂಥಾಲಯ ವಿಭಾಗ."

"ಗ್ರಂಥಾಲಯದೋರಿಗೂ ಈಗ ಇಂಥ ವಿಭಾಗ ಕೊಟ್ಟಿದ್ದಾರಾ?" ತಮಗೆ ತಿಳಿಸದೆ ಮೇಲಿನವರು ಏನೋ ಶುರುಮಾಡಿದ್ದಾರೆಂಬ ಅನುಮಾನ ಅವರಿಗೆ ಬಂದಂತಿತ್ತು. "ಈ ಹುದಾ ಸಲಾಮ ಅನ್ನೋಳು ಮೂವತ್ತೊಂದು ಜನರ ಹೆಸರು ಹೇಳಿದ್ದಾಳೆ. ಯಾರು ಬಾಯಿ ಬಿಡಿಸಿದ್ದು?"

"ಯಾರೂ ಇಲ್ಲ, ಬೇ. ಅವಳೇ ಬರ್ಕೊಟ್ಟಿದ್ದು. ಪ್ರಬಂಧ ಬರೆಯೋರೆಲ್ಲ ಕೊನೆಗೆ ಬರೀಲೇಬೇಕು. ಈ ಮಾತು ಇಂಥೋರು ಹೇಳಿದ್ದು, ಇಂಥ ವರ್ಷ, ಇಂಥ ಪುಟ ಅಂತ."

"ಅವರಾಗಿಯೇ?"

"ಅವರಾಗಿಯೇ."

"ವರ್ಷ ಸಮೇತ?"

"ಪುಟ ಸಮೇತ, ಬೇ. ಬರೀದೇ ಹೋದ್ರೆ ಪದವಿನೇ ಕೊಡಲ್ಲ."

ಹಾಝಿಮ್ ಬೇ ಕುರ್ಚಿಗೆ ಒರಗಿ ಚಾವಣಿ ನೋಡಿದರು. ಹತ್ತೊಂಬತ್ತು ವರ್ಷಗಳ ಸೇವೆಯಲ್ಲಿ ಒಂದೊಂದು ಹೆಸರಿಗಾಗಿ ತಾವು ಪಟ್ಟ ಪಾಡೆಲ್ಲ ಆಗ ಅವರ ಕಣ್ಣ ಮುಂದೆ ಹಾದುಹೋಗಿರಬೇಕು. ಬಳಿಕ ನಿಜವಾಗಿಯೂ ಚಹಾ ತರಿಸಿದರು. ಡಾಕ್ಟರ್ ಇನಾಯತ್ ಹೇಳಿದ ಮಾತನ್ನು ಒಂದಕ್ಷರ ಬಿಡದೆ ಹೇಳಬೇಕೆಂದರು. ಶುಕ್ರಿ ಇಪ್ಪತ್ತೆರಡು, ಒಂಬತ್ತು, ಯಾರು ಯಾರನ್ನ, ಎಷ್ಟು ಸಲ ಎಂದು ಬೆವರುತ್ತ ಹೇಳಿದ. ಹೆಚ್ಚು ಹೆಸರು ಬಂದದ್ದು ಉಳೀತದೆ ಎಂದೂ ಹೇಳಿದ.

"ನಿಲ್ಲಿ. ಬಂದದ್ದು ಅಂದ್ರಾ, ಬಂದವರು ಅಂದ್ರಾ?"

"ಬಂದದ್ದು ಅಂದ್ರು, ಬೇ."

"ಉಳೀತದೆ ಅಂದ್ರಾ, ಉಳೀತಾರೆ ಅಂದ್ರಾ?"

"ಉಳೀತದೆ."

"ಉಳೀತದೆ ಅಂತ ಮನುಷ್ಯರಿಗೆ ಹೇಳ್ತಾರೇನ್ರೀ? ಇಪ್ಪತ್ತೆರಡು ಏನು?"

"ನಿಯತಕಾಲಿಕೆ."

"ಅವುಗಳ ಹೆಸರು ಈ ಪುಸ್ತಕದಲ್ಲಿ ಎಲ್ಲಿದೆ?"

ಶುಕ್ರಿ ಬಗ್ಗಿ ನೋಡಿದ. ಹದಿನಾಲ್ಕು ಪುಟಗಳಲ್ಲಿ ಒಂದು ನಿಯತಕಾಲಿಕೆಯ ಹೆಸರೂ ಇರಲಿಲ್ಲ.

"ಉಸ್ತಾದ್, ಇದು ನಮ್ಮ ಕೆಲಸದ ಮೊದಲ ಪಾಠ," ಎಂದು ಹಾಝಿಮ್ ಬೇ ಮೇಷ್ಟರಂತೆ ಹೇಳತೊಡಗಿದರು. "ಯಾರು ಯಾರ ಜೊತೆ ಮಾತಾಡ್ದ ಅಂತ ಬರೀತಾ ಹೋದ್ರೆ ಆಯುಸ್ಸು ಸಾಲಲ್ಲ. ಎಲ್ಲರೂ ಯಾವ ಕಾಫಿ ಅಂಗಡಿಗೆ ಹೋಗ್ತಾರೆ, ಅದನ್ನ ನೋಡ್ಬೇಕು. ನಲವತ್ತು ಅಂಗಡಿಗೂ ಜನ ಇಡಕ್ಕೆ ನಮ್ಮಿಂದಾಗಲ್ಲ. ಹೆಚ್ಚು ಜನ ಸೇರೋ ಆರೋ ಏಳೋ ಅಂಗಡಿಗೆ ಇಡ್ತೀವಿ. ನಿಮ್ಮ ಮೇಡಂ ಕೇಳಿದ್ದೂ ಅದನ್ನೇ. ಈ ಹುದಾ ಆ ರಿಫ್ಕಿಯ ಮಾತನ್ನ ಎಲ್ಲಿ ಓದಿದ್ಲು? ಆ ಜಾಗದ ಹೆಸರು ಬರೀರಿ."

ಅವರೇ ಪೆನ್ಸಿಲು ತೆಗೆದುಕೊಂಡು ಅಡಿಗೋಲಿಟ್ಟು ಇನ್ನೊಂದು ಗೆರೆ ಎಳೆದರು, ಅದರ ತಲೆಯ ಮೇಲೆ 'ಎಲ್ಲಿ' ಎಂದು ಬರೆದರು. ಶುಕ್ರಿ ಆ ಗೆರೆಯನ್ನೇ ನೋಡುತ್ತ ಕೂತ. ಏನೋ ಅರ್ಥವಾದಂತೆ ಅವನ ಮುಖ ಅರಳಿತು, ತಿಂಗಳ ಕೊನೆಗೆ ಆರೇ ದಿನ ಉಳಿದಿದೆ ಎಂಬುದು ನೆನಪಾಗಿ ಮತ್ತೆ ಮುದುಡಿತು.

ಹಾಝಿಮ್ ಬೇ ಅವನನ್ನು ತಮ್ಮ ಜೀಪಿನಲ್ಲೇ ಮನೆಗೆ ಕಳಿಸಿದರು. ಠಾಣೆಗೆ ನಡೆದು ಹೋಗಿ ಜೀಪಿನಲ್ಲಿ ಬಂದವನನ್ನು ಆ ಬೀದಿ ಹಿಂದೆ ಕಂಡಿರಲಿಲ್ಲ. ಬಹ್ಗತ್ ಪೈಜಾಮದ ಮೇಲೆ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಶುಕ್ರಿ ಎಷ್ಟು ಸಲ "ನಾನು ಎಣಿಸೋದು ಬರೀ ನಿಯತಕಾಲಿಕೆ ಉಸ್ತಾದರೇ," ಎಂದನೋ ಅಷ್ಟೂ ಸಲ ಅವರು ಒಂದು ಕಣ್ಣು ಮುಚ್ಚಿ, "ಹೌದು ಹೌದು, ನಿಯತಕಾಲಿಕೆ," ಎಂದರು.

ಆ ಆರು ದಿನ ಶುಕ್ರಿ ಮತ್ತು ಇಂತಿಸಾರ್ ಮೊದಲಿನಿಂದ ಎಲ್ಲ ತೆಗೆದು ಮತ್ತೆ ಎಣಿಸಿದರು. ಅಡುಗೆ ಮನೆಯ ಒಲೆ ಬೆಳಿಗ್ಗೆ ಒಂದು ಸಲ ಹೊತ್ತುತ್ತಿತ್ತು. ಉಳಿದ ಹೊತ್ತಿಗೆ ಬೀದಿಯ ಫೂಲ್ ಕಾಳಿನ ಪಲ್ಯ ಮತ್ತು ರೊಟ್ಟಿ. ನಾಲ್ಕನೇ ದಿನ ಇಂತಿಸಾರ್ ಸೊಪ್ಪಿನ ತಟ್ಟೆಯಿಂದ ತಲೆಯೆತ್ತಿ, "ಈ 'ಕಪಾಟು' ಅನ್ನೋದು ಪುಟಕ್ಕೊಂದು ಸಲ ಬರ್ತದಲ್ರೀ," ಎಂದಳು. 'ಕಪಾಟು' ಟುನೀಸಿಯಾದ ಸ್ಫಾಕ್ಸ್ ಊರಿನಿಂದ ಬರುವ ತೆಳ್ಳನೆಯ ತ್ರೈಮಾಸಿಕ. ಕಾಗದ ಬೆಲ್ಲ ಕಟ್ಟುವಂಥದು, ಮುಖಪುಟದಲ್ಲಿ ಚಿತ್ರವಿಲ್ಲ. ಮೊದಲು ತೆಗೆದುಹಾಕಬೇಕಾದದ್ದು ಅದು ಎಂಬುದರಲ್ಲಿ ವಿಭಾಗದ ಯಾರಿಗೂ ಎರಡು ಮಾತಿರಲಿಲ್ಲ.

ಸಭೆಯ ದಿನ ಉದ್ದನೆಯ ಮೇಜಿನ ಸುತ್ತ ಹನ್ನೊಂದು ಜನ ಡಾಕ್ಟರುಗಳು, ಕೊನೆಯ ಕುರ್ಚಿಯಲ್ಲಿ ಮದುವೆಯ ಸೂಟು ಹಾಕಿಕೊಂಡ ಶುಕ್ರಿ. ಅವನು ಒಂಬತ್ತು ಹೆಸರುಗಳನ್ನು ಓದಿದ. ಮೊದಲನೆಯದು 'ಕಪಾಟು', ನಾನೂರ ಹನ್ನೆರಡು ಸಲ. ಒಂಬತ್ತನೆಯದು ಎಂಬತ್ತು ಸಲ. 'ಸೂಚಿಗೋಪುರ' ಒಂಬತ್ತರಲ್ಲಿ ಇರಲಿಲ್ಲ.

ಡಾಕ್ಟರ್ ರಿಫ್ಕಿಯವರ ಕನ್ನಡಕ ಮೂಗಿನ ತುದಿಗೆ ಬಂತು.

"ಇದೇನು ಹುಡುಗಾಟ? ನನ್ನ ಹೆಸರು ಅರವತ್ತಮೂರು ಸಲ ಬಂದಿದೆ ಅಂತ ಇದೇ ಮನುಷ್ಯ ನನ್ನ ಮುಂದೆ ಹೇಳಿದ್ದಾನೆ. ನನ್ನ ಲೇಖನ ಎಲ್ಲ ಬಂದಿರೋದು 'ಸೂಚಿಗೋಪುರ'ದಲ್ಲಿ. ಹಾಗಾದ್ರೆ ನನ್ನೊಬ್ಬನಿಂದಲೇ ಅದಕ್ಕೆ ಅರವತ್ತಮೂರು, ಉಳಿದೋರದ್ದೂ ಸೇರಿದ್ರೆ ಎಂಬತ್ತು ದಾಟಲೇಬೇಕಲ್ಲ. ಕೇಳಿ ಅವನನ್ನ."

"ಅರವತ್ತಮೂರು ಸರಿ, ಡಾಕ್ಟರೇ," ಎಂದ ಶುಕ್ರಿ. ಹಳೆಯ ಪಟ್ಟಿಯೂ ಅದೇ ರಿಜಿಸ್ಟರಿನಲ್ಲಿತ್ತು. ಅವನು ಸಹಾಯ ಮಾಡುವ ಉತ್ಸಾಹದಲ್ಲಿ ಹಿಂದಿನ ಪುಟ ತಿರುವಿದ. "ಅದೂ ಇಲ್ಲೇ ಇದೆ. ನಿಮ್ಮ ಹೆಸರು ಯಾರು ಯಾರು ಹೇಳಿದ್ದಾರೆ ಅಂತ ಬರ್ದಿದ್ದೀನಿ. ಹುದಾ ಸಲಾಮ ಮೂರು. ನಿಮ್ಮ ತಮ್ಮ ಎರಡು."

"ಉಳಿದದ್ದು?"

"ಉಳಿದ ಐವತ್ತೆಂಟು ನೀವೇ ಹೇಳಿದ್ದು, ಡಾಕ್ಟರೇ."

ಲಬೀಬ್ ಮಾಸ್ಟರು, ಅಂದರೆ ಸೊನ್ನೆಯ ಲಬೀಬರು, ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಅವರ ಭುಜಗಳು ಕುಲುಕುತ್ತಿದ್ದವು. ಅವರಿಗೆ ಕೆಮ್ಮು ಬಂದಿದೆಯೆಂದು ತಿಳಿದು ಶುಕ್ರಿ ನೀರು ತರಲು ಎದ್ದ. ಡಾಕ್ಟರ್ ಇನಾಯತ್ ಮುಖವನ್ನು ಕಾಗದಗಳ ಹಿಂದೆ ಬಹಳ ಹೊತ್ತು ಇಟ್ಟುಕೊಂಡಿದ್ದು, ಕೊನೆಗೆ, "ಪಟ್ಟಿ ಅಂಗೀಕಾರವಾಯ್ತು ಅಂತ ಬರ್ಕೊಳ್ಳಿ," ಎಂದರು. ಹೊರಗೆ ಬಂದು ಶುಕ್ರಿಯನ್ನು ಪಕ್ಕಕ್ಕೆ ಕರೆದರು. "ಜಾಗ ಯಾವುದು ಅಂತ ಬೇರೆ, ಮನುಷ್ಯರು ಯಾರು ಅಂತ ಬೇರೆ, ಎರಡನ್ನೂ ಎಣಿಸಿದ್ದೀರಿ. ನನಗೇ ತೋಚಿರಲಿಲ್ಲ. ಎಲ್ಲಿ ಕಲಿತ್ರಿ?"

ಠಾಣೆಯಲ್ಲಿ ಎನ್ನಲು ಶುಕ್ರಿಗೆ ಸಂಕೋಚವಾಯಿತು. "ಒಬ್ಬ ಅನುಭವಸ್ಥರ ಹತ್ರ," ಎಂದ.

ಐದು ತಿಂಗಳ ಮೇಲೆ 'ಕಪಾಟು' ಬಂತು. ಮೊಹರು ಒತ್ತುವ ಮೊದಲು ಪುಟ ತಿರುವಿದ ಶುಕ್ರಿಗೆ ಡಾಕ್ಟರ್ ಇನಾಯತರ ಲೇಖನ ಕಂಡಿತು. ವಿಭಾಗದ ಒಂಬತ್ತು ನಿಯತಕಾಲಿಕೆಗಳನ್ನು ಆರಿಸಿದ ಬಗೆಯೇ ಅದರ ವಿಷಯ. ಕೊನೆಯ ಪುಟದಲ್ಲಿ, ದೊಡ್ಡ ದೊಡ್ಡ ವಿದ್ವಾಂಸರ ಸಾಲಿನ ನಡುವೆ, ಅಚ್ಚಿನಲ್ಲಿ ಹೀಗಿತ್ತು: ಅಬ್ದುತ್ತವ್ವಾಬ್, ಶುಕ್ರಿ. ಕೈಬರಹದ ಪಟ್ಟಿ. ಅಪ್ರಕಟಿತ. ಪುಟ 14.

ಅವನು ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಏಳೆಂಟು ಸಲ ಓದಿದ. ಇಪ್ಪತ್ತಾರು ವರ್ಷ ಬೇರೆಯವರ ಹೆಸರುಗಳಿಗೆ ಅಂಟು ಹಚ್ಚಿದ್ದವನ ಕಣ್ಣಲ್ಲಿ ನೀರು ಬಂತು. ಸಂಚಿಕೆಯನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ತಂದ. ತಾನು ಇಷ್ಟು ದಿನ ಮಾಡಿದ್ದು ಬರೀ ಓದುಬರಹದ ಕೆಲಸ ಎಂದು ಕಟ್ಟಡದವರಿಗೆ ತೋರಿಸಲು ಈಗ ಅಚ್ಚಾದ ಸಾಕ್ಷಿಯೇ ಇತ್ತು. ಮೆಟ್ಟಿಲಲ್ಲೇ ಬಹ್ಗತರನ್ನು ನಿಲ್ಲಿಸಿ ಆ ಸಾಲಿನ ಮೇಲೆ ಬೆರಳಿಟ್ಟ.

ಬಹ್ಗತ್ ಕನ್ನಡಕ ಏರಿಸಿ ಓದಿದರು. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮೆಟ್ಟಿಲ ಕಡೆ ನೋಡಿದರು. ಮುಖ ಬಿಳಿಚಿಕೊಂಡಿತ್ತು.

"ಕೈಬರಹದ ಪಟ್ಟಿ," ಎಂದು ಪಿಸುಗುಟ್ಟಿದರು. "ಅಪ್ರಕಟಿತ. ಅಂದ್ರೆ ಹೊರಗೆ ಬಿಟ್ಟಿಲ್ಲ ಅಂತ."

"ಹೌದು ಉಸ್ತಾದರೇ, ಅದಕ್ಕೇ..."

"ಉಸ್ತಾದ್ ಶುಕ್ರಿ, ಇಷ್ಟು ವರ್ಷದ ನೆರೆಹೊರೆ. ಒಂದೇ ಒಂದು ಹೇಳಿ. ಹದಿನಾಲ್ಕನೇ ಪುಟದಲ್ಲಿ ನಾನಿದ್ದೀನಾ?"

"ನೀವಿಲ್ಲ."

ಬಹ್ಗತ್ ಗೋಡೆ ಹಿಡಿದುಕೊಂಡರು. ಅದು ನೆಮ್ಮದಿಯೋ ಗಾಬರಿಯೋ ಹೇಳುವಂತಿರಲಿಲ್ಲ. ಅವರಿಗೂ ಅದು ತಿಳಿದಂತಿರಲಿಲ್ಲ. ಅರ್ಧ ಗಂಟೆಯ ಮೇಲೆ ಅವರ ಹೆಂಡತಿ ದ್ರಾಕ್ಷಿ ಎಲೆಯಲ್ಲಿ ಸುತ್ತಿ ಬೇಯಿಸಿದ ಅನ್ನದ ಒಂದು ದೊಡ್ಡ ತಟ್ಟೆ ತಂದು ಇಂತಿಸಾರಳ ಕೈಗಿಟ್ಟು, ಬೇಗ ಬೇಗ ಇಳಿದು ಹೋದಳು.

"ಏನಿದು ವಿಶೇಷ?" ಎಂದಳು ಇಂತಿಸಾರ್.

"ನನ್ನ ಹೆಸರು ಅಚ್ಚಾಗಿ ಬಂದಿದ್ದಕ್ಕೆ ಅವರಿಗೂ ಸಂತೋಷವಾಗಿದೆ," ಎಂದ ಶುಕ್ರಿ, ತಟ್ಟೆ ಎಳೆದುಕೊಂಡ.